ಕೊನೆಯ ಓವರಿನ ಕೈ

ಅಂಗಿಯ ತೋಳಿನೊಳಗೆ ಬಲಗೈ ಹೋಗಲಿಲ್ಲ. ಮೊದಲು ಗೊತ್ತಾದದ್ದು ಹಾಗೆ.

ಬೆಟಗೇರಿಯ ನೇಕಾರರ ಓಣಿಯಲ್ಲಿ ಹುಟ್ಟಿದ ನನಗೆ ಹತ್ತಿ ಗಿರಣಿಯಲ್ಲಿ ನೌಕರಿ ಸಿಕ್ಕದ್ದು ಬೌಲಿಂಗ್‌ನಿಂದ. ಇದು ಎಪ್ಪತ್ತರ ದಶಕ; ಗಿರಣಿಗೆ ತನ್ನದೇ ಕ್ರಿಕೆಟ್ ತಂಡವಿದೆ. ಪಂದ್ಯ ಕೈಜಾರುವ ಹೊತ್ತಿಗೆ, ಕೊನೆಯ ಓವರುಗಳಲ್ಲಿ ಮಾತ್ರ, ಕ್ಯಾಪ್ಟನ್ ನನಗೆ ಚೆಂಡು ಕೊಡುತ್ತಿದ್ದರು. ಅಲ್ಲಿಯವರೆಗೆ ಬೌಂಡರಿಯಲ್ಲಿ ನಿಂತು ಕಾಯಬೇಕು. ಲಕ್ಷ್ಮೇಶ್ವರವಾಗಲಿ, ಶಿರಹಟ್ಟಿಯಾಗಲಿ, ನೋಡಲು ಬಂದವರು "ಈಗ ಮಲ್ಲಪ್ಪನ್ನ ಕರೀತಾರ ನೋಡ್ರಿ" ಅನ್ನುತ್ತಿದ್ದರು. ಆ ಮಾತು ಕಿವಿಗೆ ಬಿದ್ದರೆ ಸಾಕು, ದಿನವಿಡೀ ಕಾದ ದಣಿವು ಹೋಗುತ್ತಿತ್ತು.

ಭುಜದ ನೋವನ್ನು ಆಟದ ನೋವು ಅಂದುಕೊಂಡೆ. ಎಣ್ಣೆ ತಿಕ್ಕಿಸಿದೆ. ಶಾಖ ಕೊಟ್ಟೆ. ಸಂಜೆ ಸಣ್ಣಗೆ ಜ್ವರ ಬರುತ್ತಿತ್ತು, ಗಮನ ಕೊಡಲಿಲ್ಲ. ಶಿರಹಟ್ಟಿಯ ಪಂದ್ಯದಲ್ಲಿ ನಾನು ಹಾಕಿದ ಚೆಂಡು ನನ್ನ ಕಾಲ ಬಳಿಯೇ ಬಿತ್ತು.

ಯಾರೂ ನಗಲಿಲ್ಲ.

ಗದಗಿನ ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಭುಜದ ಎಲುಬಿಗೆ ಟಿ.ಬಿ. ಹತ್ತೈತಿ."

"ಮತ್ತ ಬೌಲಿಂಗ್ ಯಾವಾಗ ಮಾಡ್ಲಿರಿ?"

"ಮೊದ್ಲ ಕೈ ಉಳಿಸೋಣ. ಬೌಲಿಂಗ್ ಇನ್ನ ಆಗೂದಿಲ್ಲ."

ಕೈಯನ್ನು ಪಕ್ಕಕ್ಕೆ ಎತ್ತಿಸಿ, ಎದೆ ಸುತ್ತಿ ಮಣಿಕಟ್ಟಿನವರೆಗೆ ಪ್ಲಾಸ್ಟರ್ ಹಾಕಿದರು. ದಿನವೂ ಇಂಜೆಕ್ಷನ್, ಗುಳಿಗೆ. ಊಟ ಎಡಗೈಯಲ್ಲಿ. ಬಾಗಿಲು ದಾಟಲು ಮೈ ಅಡ್ಡ ತಿರುಗಿಸಬೇಕು.

ಅದೇ ಸಮಯಕ್ಕೆ ಹೆಂಡತಿ ಶಾಂತಾ ತವರೂರು ಮುಂಡರಗಿಯಲ್ಲಿ ಹೆತ್ತಳು. ಹೆಣ್ಣು ಕೂಸು. ಬಸ್ಸು ಹಿಡಿದು ಹೋದೆ. ಅತ್ತೆ ತೊಟ್ಟಿಲಿಗೆ ಅಡ್ಡ ನಿಂತರು.

"ಅಳಿಯಾರ, ದೂರದಿಂದ ನೋಡ್ರಿ. ಸಣ್ಣ ಕೂಸು, ನಿಮ್ಮ ಬ್ಯಾನಿ ಹತ್ತತೈತಿ."

ಸಿಟ್ಟು ಬರಲಿಲ್ಲ. ಅದೇ ಭಯ ನನಗೂ ಇತ್ತು. ಹೊಸ್ತಿಲಲ್ಲೇ ನಿಂತು ಕಂಡಷ್ಟು ನೋಡಿದೆ. ಆಟ ಹೋದಾಗ ಬಾರದ ಅಳು ವಾಪಸು ಬರುವ ಬಸ್ಸಿನಲ್ಲಿ ಬಂತು.

ಪ್ಲಾಸ್ಟರ್ ಬಿಚ್ಚುವ ದಿನ ಶಾಂತಾ ಕೂಸಿನ ಜೊತೆ ತಾಯಿಯನ್ನೂ ಆಸ್ಪತ್ರೆಗೆ ಕರೆತಂದಳು. "ನೀನ ಕೇಳವ್ವಾ," ಅಂದಳು.

"ಎದಿ ಎಕ್ಸ್‌ರೇ ನೋಡೇವಿ, ಕಫ ನೋಡೇವಿ, ಎಲ್ಲಾ ಸ್ವಚ್ಛ ಐತಿ," ಡಾಕ್ಟರು ಅತ್ತೆಗೆ ಹೇಳಿದರು. "ಇದು ಎಲುಬಿನೊಳಗಿಂದು. ಕೂಸಿಗೆ ಹತ್ತೂದಿಲ್ಲ, ಯವ್ವಾ."

"ಖರೇನಾ?"

"ಖರೇನ."

ಅತ್ತೆ ಶಾಂತಾಳ ಕೈಯಿಂದ ಕೂಸನ್ನು ಎತ್ತಿಕೊಂಡರು. ತಾವೇ ನನ್ನ ತೊಡೆಯ ಮೇಲೆ ಮಲಗಿಸಿದರು. "ತಲಿ ಕೆಳಗ ಕೈ ಕೊಡ್ರಿ," ಅಂದರು. ಅವರ ಕಣ್ಣು ಒದ್ದೆಯಾಗಿತ್ತು.

ಭುಜದ ಕೀಲು ಬಿಗಿದು ಕೂಡಿಕೊಂಡಿದೆ. ಕೈ ಮೇಲೇಳುವುದಿಲ್ಲ. ಗಿರಣಿಯವರು ಗೇಟಿನ ಕೆಲಸ ಕೊಟ್ಟಿದ್ದಾರೆ. ಗುಳಿಗೆ ಇನ್ನೂ ನಡೆದಿದೆ. ಮತ್ತೆ ಜ್ವರ ಬಂದೀತೇ ಎಂದು ಹಣೆ ಮುಟ್ಟಿ ನೋಡಿಕೊಳ್ಳುತ್ತೇನೆ. ಭುಜದ ಮಟ್ಟದ ಕೆಳಗೇ ಮುಗಿಯುವ ಕೆಲಸ ಮನೆಯಲ್ಲಿ ಎಷ್ಟೊಂದಿದೆ ಎನ್ನುವುದು ನನಗೆ ಈಗೀಗ ತಿಳಿಯುತ್ತಿದೆ.

ಸಂಜೆ ಶಾಂತಾ ಮಗ್ಗಕ್ಕೆ ಕೂತಾಗ ಮಗಳು ನನ್ನ ಹತ್ತಿರ. ಬಲಗೈಯ ಮೇಲೆ ಅವಳಿಗೆ ನಿದ್ದೆ ಬೇಗ ಹತ್ತುತ್ತದೆ. ಆ ಕೈ ಅಲುಗುವುದು ಕಡಿಮೆ.