ಎಲ್ಲಿಗೆ ಎಂದು ಕೇಳದ ಮನೆ

ಮಿಚಿಗನ್ನಿನ ಪ್ಲಿಮತ್‌ನ ಆ ಬಡಾವಣೆಯಲ್ಲಿ ರೇವಣಪ್ಪನವರು ಎಲ್ಲರಿಗೂ ಗೊತ್ತು, ಆದರೆ ಬೇರೆ ಬೇರೆ ಕಾರಣಕ್ಕೆ. ಕನ್ನಡದ ಮಂದಿಗೆ ಅವರು ಕಾರಿನ ಬ್ರೇಕು ಮಾಡುವ ಕಂಪನಿಯಲ್ಲಿ ದುಡಿದು ನಿವೃತ್ತರಾದ, ಮಾತು ಕಡಿಮೆಯ ಗದಗಿನ ಎಂಜಿನಿಯರು. ಬಿಳಿಯರಿಗೆ ಅವರು ಕೈಬಂದೂಕಿನಿಂದ ಜಿಂಕೆ ಹೊಡೆದು ಒಂದು ತುಂಡೂ ಬಾಯಿಗಿಡದ ವಿಚಿತ್ರ ಮನುಷ್ಯ. ಅವರ ಜೊತೆ ಕೆಲಸ ಮಾಡಿದ ಡೇವ್ ಅವರಿಗೆ 'ಪಲ್ಯ ತಿನ್ನೋ ಬೇಟೆಗಾರ' ಎಂದೇ ಹೆಸರಿಟ್ಟಿದ್ದ.

ಹೆಂಡತಿ ಜಯದೇವಿಗೆ ಆ ರಿವಾಲ್ವರನ್ನು ಕಂಡರೆ ಆಗುತ್ತಿರಲಿಲ್ಲ. ಮೊಳದುದ್ದದ ಕಬ್ಬಿಣ, ಎತ್ತಿದರೆ ಮಣಿಕಟ್ಟು ಜಗ್ಗುವಷ್ಟು ಭಾರ. ಅದು ನೆಲಮನೆಯ ಲಾಕರಿನಲ್ಲಿ ಇರುತ್ತಿತ್ತು. ತತ್ತಿಯನ್ನೂ ಒಳಗೆ ಬಿಡದ ಮನೆ ಅದು. ಮಾಂಸವೆಲ್ಲ ಡೇವ್‌ನ ಪಾಲು. ಬೇಟೆಯಿಂದ ಬಂದ ರೇವಣಪ್ಪ ಹಿಂಬಾಗಿಲಿನಿಂದ ನೆಲಮನೆಗೆ ಇಳಿದು, ಮಣ್ಣಿಗೆ ಹೋಗಿ ಬಂದವರ ಹಾಗೆ ತಲೆಯ ಮೇಲೆ ನೀರು ಸುರಿದುಕೊಂಡೇ ಮೇಲೆ ಹತ್ತುತ್ತಿದ್ದರು.

ನಿವೃತ್ತಿಗೆ ಮೊದಲು, ನಡುವೆ ಕೆಲಸ ಹೋಗಿದ್ದ ಒಂದು ವರ್ಷ ಡೇವ್ ಅವರನ್ನು ಕಾಡಿಗೆ ಕರೆದೊಯ್ದಿದ್ದ. ಅಂದು ಹತ್ತಿದ ಗೀಳು ಮತ್ತೆ ಇಳಿಯಲಿಲ್ಲ. ರಿವಾಲ್ವರೇ ಯಾಕೆ ಎಂದು ಜಯದೇವಿ ಒಮ್ಮೆ ಕೇಳಿದ್ದಕ್ಕೆ ಅವರು ಅಂದದ್ದು ಇಷ್ಟು:

"ರೈಫಲ್ ಆದ್ರ ದೂರ ನಿಂತು ಹೊಡೀಬಹುದು. ಇದರಾಗ ಹಂಗ ಇಲ್ಲ. ಅದರ ಮೂಗಿನ ಹಬೆ ಕಾಣೂವಷ್ಟು ಹತ್ರ ಹೋಗಬೇಕು. ಕೈ ಕಲ್ಲಾಗಬೇಕು. ಆಗಲಿಲ್ಲ ಅಂದ್ರ ಹೊಡೀಬಾರದು, ತಿರುಗಿ ಬರಬೇಕು."

ಎಷ್ಟೋ ಸಲ ಅವರು ಹಾಗೆ ಬರಿಗೈಲಿ ತಿರುಗಿ ಬಂದದ್ದುಂಟು. ಅದೇ ಜಯದೇವಿಗೆ ಇದ್ದ ಸಮಾಧಾನ.

ಆ ಬೇಸಿಗೆಯಲ್ಲಿ ಚಹಾದ ಕಪ್ಪು ಕೆಳಗಿನ ಬಸಿಯ ಮೇಲೆ ಸದ್ದು ಮಾಡತೊಡಗಿತು. ರೇವಣಪ್ಪ ಚಹಾ ಎತ್ತಿದರೆ ಕಟಕಟ, ಇಳಿಸಿದರೆ ಕಟಕಟ. ಕೆಲವು ದಿನಗಳಲ್ಲಿ ಅವರು ಬಸಿ ಬಿಟ್ಟು ದಪ್ಪ ಮಗ್ ಹಿಡಿದರು, ಅದನ್ನೂ ಎರಡೂ ಕೈಲಿ.

"ಬಸಿ ಯಾಕ ಬಿಟ್ರಿ?" ಎಂದಳು ಜಯದೇವಿ.

"ತೊಳಿಯೂದು ಒಂದು ಕಡಿಮಿ ಆಗ್ಲಿ ಅಂತ."

ನವೆಂಬರ್ ಹದಿನೈದಕ್ಕೆ ಬಂದೂಕಿನ ಬೇಟೆಯ ಸೀಸನ್ ಶುರು. ಡೇವ್ ಸೊಂಟದ ಆಪರೇಷನ್ ಆಗಿ ಊರುಗೋಲು ಹಿಡಿದಿದ್ದ, ಅವರು ಹೋಗುತ್ತಿದ್ದ ಜಮೀನೂ ಮಾರಿಹೋಗಿತ್ತು. ಈ ಸಲ ಒಬ್ಬರೇ, ಹೊಸ ಜಾಗಕ್ಕೆ.

ಎಲ್ಲಿಗೆ?

ಆ ಮಾತನ್ನು ಮಾತ್ರ ಆ ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ. ಹೊಸ್ತಿಲು ದಾಟುವವರನ್ನು ಎಲ್ಲಿಗೆ ಎಂದರೆ ಹೊರಟ ಕೆಲಸ ಕೆಡುತ್ತದೆ. ಬಾಯಿತಪ್ಪಿ ಅಂದರೆ ಹೊರಟವರು ಒಳಗೆ ಬಂದು, ಕೂತು, ನೀರು ಕುಡಿದು, ಮತ್ತೆ ಹೊರಡಬೇಕು. ಅತ್ತೆ ಕಲಿಸಿದ್ದನ್ನು ಜಯದೇವಿ ಮಿಚಿಗನ್ನಿಗೂ ತಂದಿದ್ದಳು. ಮಗಳು ಅಕ್ಷರಾ ಹೈಸ್ಕೂಲಿನಲ್ಲಿದ್ದಾಗ ಅವಳಿಗೆ ಇದರಿಂದ ಭಾರಿ ಅನುಕೂಲವಾಗಿತ್ತು. ಇಂಥ ತಾಯಿ ತಮಗಿಲ್ಲವಲ್ಲ ಎಂದು ಅವಳ ಗೆಳತಿಯರಿಗೆ ಹೊಟ್ಟೆಕಿಚ್ಚು.

ಹದಿನೈದರ ಬೆಳಿಗ್ಗೆ ರೇವಣಪ್ಪ ಕಿತ್ತಳೆ ಬಣ್ಣದ ಕೋಟು ತೊಟ್ಟು, ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತರು. ಚೀಲದ ಜಿಪ್ ಹಾಕಲು ಬೆರಳು ಒದ್ದಾಡುತ್ತಿದ್ದುದನ್ನು ಜಯದೇವಿ ನೋಡಿದಳು. ಮಾತು ನಾಲಿಗೆಯ ತುದಿಗೆ ಬಂತು. ನುಂಗಿದಳು.

"ದೂರ ಹೊಂಟೀರೇನ್ರಿ?"

"ಭಾಳ ದೂರ ಏನಿಲ್ಲ. ದೀಪ ಹಚ್ಚೂದ್ರಾಗ ಬರ್ತೀನಿ."

ಮಧ್ಯಾಹ್ನ ಎದುರು ಮನೆಯ ಮೈಸೂರಿನ ಕೌಸಲ್ಯಾ ಬಂದಳು.

"ಯಜಮಾನ್ರು ಕಾಡಲ್ಲಿ ಬೇಟೆ, ನೀವಿಲ್ಲಿ ಅವಲಕ್ಕಿ ಒಗ್ಗರಣೆ! ಒಳ್ಳೇ ಜೋಡಿ ಕಣ್ರೀ ನಿಮ್ದು."

ಜಯದೇವಿ ನಗಲಿಲ್ಲ. ಕಿಟಕಿಯಾಚೆ ಮೇಪಲ್ ಮರದ ಕೊನೆಯ ಎಲೆಗಳು ಅಲುಗಾಡದೆ ನೇತಾಡುತ್ತಿದ್ದವು. ಒಂದಿಷ್ಟೂ ಗಾಳಿ ಇಲ್ಲ. ಹೊರಗೆ ನೀರು ಹೆಪ್ಪುಗಟ್ಟುವಷ್ಟು ಚಳಿ ಇತ್ತು.

ದೀಪ ಹಚ್ಚಿದಳು. ಕಾರು ಬರಲಿಲ್ಲ. ರೇವಣಪ್ಪನವರ ಫೋನು ರಿಂಗಾಗದೆ ನೇರ ವಾಯ್ಸ್‌ಮೇಲಿಗೆ ಹೋಯಿತು. ಡೇವ್‌ಗೆ ಕೇಳಿದರೆ ಅವನಿಗೂ ಜಾಗ ಗೊತ್ತಿಲ್ಲ. "ನಿನಗೆ ಹೇಳಿರ್ತಾನೆ ಅಂದ್ಕೊಂಡಿದ್ದೆ" ಎಂದ. ಸುದ್ದಿ ಕೇಳಿ ಓಡಿಬಂದ ಕೌಸಲ್ಯಾಳೇ ಪೊಲೀಸರಿಗೆ ಡಯಲ್ ಮಾಡಿ ಫೋನನ್ನು ಅವಳ ಕೈಗೆ ಕೊಟ್ಟಳು.

ಅತ್ತಲಿಂದ ಒಬ್ಬ ಹೆಂಗಸು ಮೆತ್ತಗಿನ ದನಿಯಲ್ಲಿ ಕೇಳಿದಳು:

"ಅವರು ಹೋದದ್ದು ಎಲ್ಲಿಗೆ?"

ಮದುವೆಯಾದಾಗಿನಿಂದ ನುಂಗಿದ ಮಾತು ಫೋನಿನೊಳಗಿಂದ ತಿರುಗಿ ಜಯದೇವಿಯನ್ನೇ ಕೇಳುತ್ತಿತ್ತು.

"ಗೊತ್ತಿಲ್ಲ. ನಾನು ಕೇಳಲಿಲ್ಲ."

"ಯಾವ ಕೌಂಟಿ? ಹೈವೇಯ ಯಾವ ಎಕ್ಸಿಟ್? ಏನಾದರೂ ಹೇಳಿದ್ದರೆ ನೆನಪು ಮಾಡಿಕೊಳ್ಳಿ."

ಅವಳು ಕಣ್ಣು ಮುಚ್ಚಿದಳು. ಹಿಂದಿನ ವಾರ ಜಾಗ ನೋಡಿ ಬಂದ ದಿನ ರೊಟ್ಟಿ ಮುರಿಯುತ್ತ ರೇವಣಪ್ಪ ಒಂದು ಮಾತು ಆಡಿದ್ದರು. "ಮುಗಿಲ ತುಂಬ ಕೊಕ್ಕರೆ, ಜಯಾ. ಆಳೆತ್ತರ ಇದ್ದಾವು. ಹಣಿಗೆ ಕುಂಕುಮ ಇಟ್ಟಂಗ ಕೆಂಪು. ಕೆಸರಿನಾಗ ಇಳದು ಏನ್ ಕೂಗತಾವ, ಕಿವಿ ಗಡಚಿಕ್ಕತೈತಿ."

ಜಯದೇವಿ ತನಗೆ ಬರುವ ಇಂಗ್ಲಿಷಿನಲ್ಲಿ ಅದನ್ನೇ ಹೇಳಿದಳು. ದೊಡ್ಡ ಬೂದು ಹಕ್ಕಿ. ಹಣೆಯ ಮೇಲೆ ಕೆಂಪು. ತುಂಬಾ, ತುಂಬಾ ಹಕ್ಕಿ. ಕೆಸರು.

ಅತ್ತಲಿನ ಹೆಂಗಸು, "ಆ ಹಕ್ಕಿ ಇಳಿಯುವ ಜೌಗು ಜ್ಯಾಕ್ಸನ್ ಕಡೆ ಇದೆ. ಅಲ್ಲಿಯವರಿಗೆ ಹೇಳುತ್ತೇನೆ. ಲೈನಿನಲ್ಲೇ ಇರಿ" ಎಂದಳು.

ಕಾರು ಸಿಕ್ಕಿದ್ದು ಅಲ್ಲಿಯೇ, ಮಣ್ಣು ರಸ್ತೆಯ ಬದಿಗೆ. ಆಮೇಲೆ ರೇವಣಪ್ಪ ಸಿಕ್ಕರು. ತೊಡೆಯವರೆಗೆ ಕೆಸರಿನಲ್ಲಿ ಹೂತು, ಫೋನು ನೀರಿಗೆ ಬಿದ್ದು, ತುಟಿ ನೀಲಿಗಟ್ಟಿ ನಿಂತಿದ್ದರು. ಸಹಾಯಕ್ಕೆಂದು ಆಕಾಶಕ್ಕೆ ಮೂರು ಗುಂಡು ಹಾರಿಸಿದ್ದರಂತೆ. ಆದರೆ ಅಂದು ಆ ಕಾಡಿನಲ್ಲಿ ಬೆಳಗಿನಿಂದ ಎಲ್ಲರೂ ಗುಂಡು ಹಾರಿಸುವವರೇ. ಕೇಳಿದವರೆಲ್ಲ ಯಾರಿಗೋ ಜಿಂಕೆ ಬಿತ್ತು ಎಂದುಕೊಂಡು ತಮ್ಮ ಪಾಡಿಗೆ ತಾವಿದ್ದರು.

ಆಸ್ಪತ್ರೆಯವರು ಮರುದಿನ ಮನೆಗೆ ಬಿಟ್ಟರು. ಅಷ್ಟರಲ್ಲಿ ತಾನಿರುವ ಊರು ಡೌನರ್ಸ್ ಗ್ರೋವ್‌ನಿಂದ ಅಕ್ಷರಾ ಡ್ರೈವ್ ಮಾಡಿಕೊಂಡು ಬಂದಿದ್ದಳು.

"ಅಪ್ಪಾಜಿ, ಆರ್ ಯೂ ಕ್ರೇಜಿ? ಲೊಕೇಶನ್ ಶೇರ್ ಮಾಡಾಕ ಏನಾಗಿತ್ತು ನಿಮಗ? ಅವ್ವಾ, ನೀನರ ಕೇಳಬಾರದಾ?"

ರೇವಣಪ್ಪ ಗೋಡೆಯನ್ನು ನೋಡುತ್ತ, "ಗುಂಡು ಜಿಂಕಿ ಹಿಂಗಾಲಿಗೆ ಬಿತ್ತು. ಕುಂಟಕೋತ ನೀರಿನ ಕಡೆ ಹೋತು. ಬೆನ್ನು ಹತ್ತಿದೆ, ಸಿಗಲಿಲ್ಲ. ಗಾಳಿ ಇತ್ತು, ಗುರಿ ತಪ್ಪಿತು" ಎಂದರು.

ಜಯದೇವಿಗೆ ಅಲುಗಾಡದ ಮೇಪಲ್ ಎಲೆ ಕಣ್ಮುಂದೆ ಬಂತು.

ಅದರ ಮಾರನೆಯ ಬೆಳಿಗ್ಗೆ ಅಕ್ಷರಾ ಇನ್ನೂ ಎದ್ದಿರಲಿಲ್ಲ. ಅಡುಗೆಮನೆಯಿಂದ ಬಂದ ಜಯದೇವಿ ನೋಡುತ್ತಾಳೆ, ರೇವಣಪ್ಪ ಕಿತ್ತಳೆ ಕೋಟು ತೊಟ್ಟು ನಿಂತಿದ್ದಾರೆ. ಹೆಗಲಲ್ಲಿ ಅದೇ ಚೀಲ. ಮುಖ ಎರಡೇ ದಿನಕ್ಕೆ ಮುದಿಯಾಗಿತ್ತು.

"ಅದು ಇನ್ನೂ ಜೀವದಿಂದ ಐತಿ. ನಾ ಕೆಡಿಸಿದ್ದು ನಾನ ಮುಗಸಬೇಕು" ಎಂದು ಬಾಗಿಲು ತೆಗೆದರು. ತಣ್ಣನೆಯ ಗಾಳಿ ಒಳನುಗ್ಗಿತು. ಒಂದು ಕಾಲು ಹೊಸ್ತಿಲಾಚೆ ಇಟ್ಟರು.

"ಎಲ್ಲಿಗೆ?" ಎಂದಳು ಜಯದೇವಿ.

ಅವರು ಬೆನ್ನಿಗೆ ಕಲ್ಲು ಬಿದ್ದವರಂತೆ ನಿಂತುಬಿಟ್ಟರು.

"ಏನಂದಿ?"

"ಎಲ್ಲಿಗೆ ಹೊಂಟ್ರಿ ಅಂತ ಕೇಳಿದೆ. ಬಾಯಿ ತಪ್ಪಿ ಅಲ್ಲ. ಬರ್ರಿ ಒಳಗ. ಕೂಡ್ರಿ."

ರೇವಣಪ್ಪ ಸಿಟ್ಟಿನಿಂದ ಅವಳನ್ನು ನೋಡಿದರು. ಆದರೆ ಕಾಲು ತಾಯಿಯ ಕಾಲದಿಂದ ಕಲಿತದ್ದನ್ನು ಮರೆತಿರಲಿಲ್ಲ. ಒಳಗೆ ಬಂತು. ಚೀಲವನ್ನು ಚಪ್ಪಲಿಯ ಸ್ಟ್ಯಾಂಡಿನ ಮೇಲಿಟ್ಟು ಕುರ್ಚಿಯಲ್ಲಿ ಕೂತರು. ಜಯದೇವಿ ಲೋಟದ ತುಂಬ, ಕಂಠದವರೆಗೆ ನೀರು ತಂದು ಮುಂದೆ ಹಿಡಿದಳು.

ಅವರು ಬಲಗೈ ಚಾಚಿದರು. ಲೋಟ ತುಟಿಗೆ ಮುಟ್ಟುವ ಮೊದಲೇ ನೀರು ಗಡ್ಡಕ್ಕೆ, ಕೋಟಿಗೆ, ನೆಲಕ್ಕೆ ಚೆಲ್ಲಿತು. ಎಡಗೈ ಸಹಾಯಕ್ಕೆ ಬಂತು. ಅದೂ ನಡುಗಿತು. ಜಯದೇವಿ ಒರೆಸಲು ಬಾಗಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ. ನೋಡುತ್ತಲೇ ನಿಂತಳು.

ತಳದಲ್ಲಿ ಉಳಿದ ಗುಟುಕನ್ನು ಕುಡಿದು ರೇವಣಪ್ಪ ಅಂದರು:

"ಗಾಳಿ ಇರಲಿಲ್ಲ, ಜಯಾ."

"ನನಗ ಗೊತ್ತು. ಆದ್ರ ನಾ ಕೇಳಿದ್ದಕ್ಕ ನೀವಿನ್ನೂ ಹೇಳಿಲ್ಲ."

ಅವರು ಹೇಳಿದರು. ಯಾವ ಎಕ್ಸಿಟ್, ಎಲ್ಲಿ ಡಾಂಬರು ಮುಗಿಯುತ್ತದೆ, ಯಾವ ಮುರಿದ ಮರದ ಹತ್ತಿರ ರಕ್ತ ಬಿದ್ದಿತ್ತು, ಎಲ್ಲಿ ಹುಲ್ಲು ಬಾಗಿತ್ತು. ಅವಳು ಡೇವ್‌ಗೆ ಫೋನು ಹಚ್ಚಿ ಕೊಟ್ಟಳು. ಅವನಿಗೂ ಅವರು ಅಷ್ಟನ್ನೇ ಹೇಳಿ, ಕೊನೆಗೆ, "ನನ್ನ ಕೈಲಿ ಆಗುವುದಿಲ್ಲ" ಎಂದು ಸೇರಿಸಿದರು.

ಡೇವ್ ಜಾಡು ಹಿಡಿಯುವ ನಾಯಿ ಸಾಕಿದವನೊಬ್ಬನನ್ನು ಕಳುಹಿಸಿದ. ಸಂಜೆ ಸುದ್ದಿ ಬಂತು. ನಾಯಿ ರಕ್ತದ ಗುರುತು ಹಿಡಿದು ಜೌಗಿನ ಅಂಚಿನವರೆಗೆ ಹೋಗಿ, ಮುಂದೆ ಹೋಗದೆ, ನೀರಿನ ಕಡೆ ಮುಖ ಮಾಡಿ ಬಹಳ ಹೊತ್ತು ಬೊಗಳಿತಂತೆ. ಕೊಕ್ಕರೆಗಳೆಲ್ಲ ಒಮ್ಮೆಗೇ ಎದ್ದುಹೋದವಂತೆ. ಜಿಂಕೆ ಸಿಗಲಿಲ್ಲ.

ಜಯದೇವಿ ಚಹಾ ತಂದಳು, ಬಸಿಯ ಮೇಲೆ ಕಪ್ಪಿಟ್ಟು. ರೇವಣಪ್ಪ ಮಗ್ ಕೇಳಲಿಲ್ಲ. ಕಪ್ಪು-ಬಸಿ ಹಿಡಿದುಕೊಂಡು ಕಿಟಕಿಯಾಚೆಯ ಕತ್ತಲನ್ನು ನೋಡುತ್ತ ಕೂತರು. ಚಹಾ ಆರಿತು. ಕಟಕಟ ಸದ್ದು ಮಾತ್ರ ನಿಲ್ಲಲಿಲ್ಲ.