ಗುರುವಾರದ ಅಂಗಿ

ಇಸ್ತ್ರಿ ಅಂಗಡಿಯವಳ ಗಂಡ ಮೂರನೇ ಸಲ ಜೈಲಿನಿಂದ ಮನೆಗೆ ಬಂದಾಗ ಓಣಿಯಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಇಂದಲ್ಲ ನಾಳೆ ಮತ್ತೆ ಒಳಗೆ ಹೋಗುವವನೇ ಎಂದುಕೊಂಡು ಸುಮ್ಮನಿದ್ದರು. ಬೀಗ ರಿಪೇರಿ ಅವನ ಕಸುಬು. ಜನರ ಬೀಗ ಸರಿಮಾಡಿಕೊಟ್ಟು, ಅವರು ಊರಲ್ಲಿಲ್ಲದಾಗ ಅದೇ ಬೀಗ ತೆಗೆಯುತ್ತಿದ್ದ. ಹಾಗಾಗಿ ಎಲ್ಲರ ಬಾಯಲ್ಲೂ ಅವನು ‘ಕೀಲಿ’.

ಅವನನ್ನು ದಾರಿಗೆ ತರಲು ಹೆಂಡತಿ ಏನೇನು ಮಾಡಿರಲಿಲ್ಲ! ಅತ್ತಳು, ಊಟ ಬಿಟ್ಟಳು, ಮಗಳ ಮೇಲೆ ಆಣೆ ಹಾಕಿಸಿದಳು, ತವರಿಗೆ ಹೋಗಿ ಕೂತಳು. ಪ್ರತಿ ಸಲವೂ ಅವನು ತಪ್ಪಾಯಿತು ಎನ್ನುತ್ತಿದ್ದ. ಪ್ರತಿ ಸಲವೂ ಪೊಲೀಸರು ಬಾಗಿಲು ತಟ್ಟುತ್ತಿದ್ದರು.

ಈ ಸಲ ಅವನನ್ನು ಜೈಲಿನಲ್ಲೇ ಒಂದು ಗುಂಪಿಗೆ ಸೇರಿಸಿದ್ದರು. ಕುರ್ಚಿಗಳನ್ನು ದುಂಡಗೆ ಹಾಕಿಕೊಂಡು ಕೂರುವುದು, ಕಳ್ಳತನಕ್ಕೆ ಮುಂಚೆ ತಲೆಯಲ್ಲಿ ಏನು ಓಡುತ್ತದೆ, ಅದನ್ನು ಎಲ್ಲಿ ತಡೆಯಬಹುದು ಎಂದು ಮಾತಾಡುವುದು, ಹಳೆಯ ಜೊತೆಗಾರ ಕರೆದರೆ ಏನು ಹೇಳಬೇಕೆಂದು ನಾಟಕದ ಹಾಗೆ ಆಡಿ ಕಲಿಯುವುದು. ಬಿಡುಗಡೆಯಾದ ಮೇಲೂ ಪ್ರತಿ ಗುರುವಾರ ಅದು ನಡೆಯುತ್ತಿತ್ತು. ನಡೆಸುವವರು ಒಬ್ಬ ಮೇಡಂ. ಲಿಫ್ಟ್ ರಿಪೇರಿಯವರ ಹತ್ತಿರ ಅವನಿಗೆ ಕೆಲಸ ಕೊಡಿಸಿದವರೂ ಅವರೇ.

“ಮೇಡಂ ಇವತ್ತು ಏನಂದ್ರು ಗೊತ್ತಾ?” ಎಂದೇ ಅವನ ಊಟ ಶುರುವಾಗುತ್ತಿತ್ತು. ಅವಳು ಸೌಟನ್ನು ಪಾತ್ರೆಗೆ ಠಣ್ಣನೆ ಬಡಿಯುತ್ತಿದ್ದಳು.

ಗುರುವಾರ ಬಂದರೆ ಇನ್ನೂ ಕಷ್ಟ. “ನೀಲಿ ಅಂಗಿಗೆ ಒಂಚೂರು ಇಸ್ತ್ರಿ ಹಾಕ್ತೀಯಾ? ಕಾಲರ್ ನೆಟ್ಟಗಿರ್ಲಿ.”

ಇಸ್ತ್ರಿ ಅಂಗಡಿಯವಳ ಗಂಡನಾಗಿದ್ದೂ ಇಷ್ಟು ವರ್ಷ ಮುದುರಿದ ಬಟ್ಟೆಯಲ್ಲೇ ಓಡಾಡಿದ ಮನುಷ್ಯ! “ನನಗೋಸ್ಕರ ಒಂದಿನಾನಾದ್ರೂ ಕಾಲರ್ ನೆಟ್ಟಗಿಟ್ಕೊಂಡಿದ್ರಾ?” ಎಂದಳು.

“ನೀನು ಮನೆಯವಳಲ್ವೇನೇ?”

ಆ ಅಂಗಿಯನ್ನು ಅವಳು ಎಷ್ಟು ಒತ್ತಿ ತೀಡಿದಳೆಂದರೆ ಒಂದು ಗುಂಡಿ ಕರಗಿತು.

“ಮಗ ಸರಿಹೋದ್ನಲ್ಲ, ಯಾರಿಂದಾದ್ರೇನು?” ಎಂದರು ಅತ್ತೆ. ಸೊಸೆಗೆ ಉರಿದದ್ದೇ ಅದು. ತನ್ನ ಇಷ್ಟು ವರ್ಷದ ಕಣ್ಣೀರಿಗೆ ಕರಗದವನು ಯಾವಳೋ ಕುರ್ಚಿ ಹಾಕಿ ಕೂರಿಸಿದ್ದಕ್ಕೆ ಕರಗಿದನೆ? ಅವನು ಕೆಡಲಿ ಎಂದು ಅವಳೆಂದೂ ಬಯಸಲಿಲ್ಲ. ಆದರೆ ಸರಿಹೋಗುವುದಿದ್ದರೆ ತನ್ನಿಂದ ಸರಿಹೋಗಬೇಕಿತ್ತು.

ಒಂದು ಮಧ್ಯಾಹ್ನ ಕಳ್ಳತನದ ಹಳೆಯ ಜೊತೆಗಾರ ಅಂಗಡಿಗೇ ಬಂದ. ಕೆಲಸಕ್ಕೆ ರಜೆಯಿದ್ದು ಅಲ್ಲೇ ಕೂತಿದ್ದ ಕೀಲಿಯನ್ನು ಪಕ್ಕಕ್ಕೆ ಕರೆದು ಏನೋ ಪಿಸುಗುಟ್ಟಿ ಹೋದ. ಕೀಲಿಯ ಮುಖ ಬೆವತಿತ್ತು. ಅವನು ಫೋನ್ ಹಿಡಿದು ಅಂಗಡಿಯ ಹಿಂದಕ್ಕೆ ನಡೆದ. ಅವಳು ಕಿಟಕಿಗೆ ಕಿವಿಕೊಟ್ಟಳು.

“ಮೇಡಂ, ಅವನು ಬಂದಿದ್ದ. ಯಾವುದೋ ಮನೆ ಖಾಲಿ ಇದೆಯಂತೆ. ಬರಲ್ಲ ಅಂದೆ. ಆದ್ರೆ ಮನಸ್ಸು ಅತ್ಲಾಗೇ ಎಳೀತಾ ಇದೆ.”

ಹೆಂಡತಿ ಗೋಡೆಯ ಈಚೆ ಇದ್ದಾಳೆ, ಇವನು ಹೇಳಿಕೊಳ್ಳುವುದು ಯಾರಿಗೋ! ಅಂಗಡಿಯೊಳಗೆ ಸುಟ್ಟ ವಾಸನೆ ಬಂತು. ಇಸ್ತ್ರಿಪೆಟ್ಟಿಗೆಯ ಅಡಿಯಲ್ಲಿ ಗಿರಾಕಿಯೊಬ್ಬರ ಅಂಗಿಯ ಬೆನ್ನು ಕಪ್ಪಾಗಿತ್ತು.

ಮರುದಿನ ಅಂಗಡಿ ಮುಚ್ಚಿ ಮೇಡಂ ಇದ್ದಲ್ಲಿಗೇ ಹೋದಳು. ಯಾರೋ ಬೆಡಗಿಯನ್ನು ಕಲ್ಪಿಸಿಕೊಂಡಿದ್ದಳು. ಎದುರಿಗಿದ್ದದ್ದು ನೆಗಡಿಯಿಂದ ಮೂಗು ಕೆಂಪಾದ ನರೆಗೂದಲಿನ ಹೆಂಗಸು. ಬಟ್ಟೆ ಇಸ್ತ್ರಿಯ ಮುಖ ಕಂಡು ಯಾವ ಕಾಲವಾಗಿತ್ತೋ. ಇವಳಿಗಾ ಆ ನೀಲಿ ಅಂಗಿ?

“ನನಗೆ ಹೇಳದ್ದನ್ನ ನಿಮಗ್ಯಾಕೆ ಹೇಳ್ತಾರೆ?” ನಿಂತಲ್ಲೇ ಕೇಳಿದಳು.

“ನನ್ನ ಕಣ್ಣಲ್ಲಿ ನೀರು ಬರಲ್ವಲ್ಲ, ಅದಕ್ಕೆ. ಕದಿಯೋ ಆಸೆ ಆಯ್ತು ಅಂತ ಅವರು ಅಂದ್ರೆ ನೀವೇನ್ಮಾಡ್ತೀರಿ?”

“ಅಳ್ತೀನಿ. ಇನ್ನೇನ್ ನಗ್ಲಾ?”

“ಅದಕ್ಕೇ ಹೆದರ್ತಾರೆ.” ಮೇಡಂ ಮೂಗೊರೆಸಿಕೊಂಡರು. “ನೋಡಿ, ಇದು ನನ್ನ ಕೈಚಳಕ ಅಲ್ಲ. ಬುದ್ಧಿ ಹೇಳಿ, ಹೆದರಿಸಿ ಕಳಿಸಿದೋರಲ್ಲಿ ಎಷ್ಟು ಜನ ಮತ್ತೆ ಜೈಲಿಗೆ ಬಂದ್ರು, ಹೀಗೆ ಅಭ್ಯಾಸ ಮಾಡ್ಸಿ ಕೆಲಸ ಕೊಡ್ಸಿದೋರಲ್ಲಿ ಎಷ್ಟು ಜನ ಬಂದ್ರು ಅಂತ ತಿಳಿದೋರು ವರ್ಷಗಟ್ಟಲೆ ಹೋಲಿಸಿ ನೋಡಿದ್ದಾರೆ. ಅಭ್ಯಾಸ ಮಾಡಿದೋರಲ್ಲೂ ಕೆಲವರು ಬರ್ತಾರೆ, ಆದ್ರೆ ಕಡಿಮೆ. ಮನೆಯವರೂ ಜೊತೆಗೆ ಕೂತ್ರೆ ಇನ್ನೂ ಒಳ್ಳೇದು. ನೀವೂ ಬನ್ನಿ.”

“ನನ್ನ ಗಂಡನ ಹತ್ರ ಮಾತಾಡೋದನ್ನ ನಿಮ್ಮಿಂದ ಕಲೀಬೇಕಾ?” ಎಂದು ತಿರುಗಿ ಹೊರಟು ಬಂದಳು.

ಆದರೂ ಮುಂದಿನ ಗುರುವಾರ ಹೋದಳು. ಅವನ ಪಕ್ಕದ ಕುರ್ಚಿಯಲ್ಲಿ ಬೇರೆ ಯಾರೂ ಕೂರಬಾರದು ಎಂಬ ಒಂದೇ ಹಟ. ಅಲ್ಲಿ ಒಬ್ಬ ಮುದುಕ ಜೇಬುಗಳ್ಳ ಅವಳ ಗಂಡನ ಪಾತ್ರ ಮಾಡಿದ. “ಏ ಇವಳೇ, ಇವತ್ತು ಕೈ ತುರಿಸ್ತು ಕಣೇ” ಎಂದ. ಅವಳು ಅಭ್ಯಾಸಬಲದಿಂದ, “ಹಾಳಾಗ್ಹೋಗಿ!” ಎಂದು ಕಿರುಚಿದಳು. ಎಲ್ಲರೂ ನಕ್ಕರು. ಅವಳೂ ನಕ್ಕಳು. ಮತ್ತೆ ಆಡಿದರು, ಮತ್ತೆ ಕಿರುಚಿದಳು. ಕಿರುಚದೆ ಕೇಳಿಸಿಕೊಳ್ಳಲು ಎಷ್ಟೋ ವಾರ ಬೇಕಾಯಿತು.

ಎರಡು ವರ್ಷದಲ್ಲಿ ಆ ಗುಂಪಿನ ಕೆಲವರು ಮತ್ತೆ ಒಳಗೆ ಹೋದರು. ಕೀಲಿ ಹೋಗಲಿಲ್ಲ. ಒಂದು ಸಂಜೆ ಕೆಲಸದಿಂದ ಬಂದವನು ಅಂಗಡಿಯ ಬಾಗಿಲಲ್ಲೇ ನಿಂತ. “ಲಿಫ್ಟ್ ಕೆಲಸಕ್ಕೆ ಹೋಗಿದ್ದೆ. ಒಂದು ಮನೆ ಬಾಗಿಲು ತೆಗೆದೇ ಇತ್ತು, ಒಳಗೆ ಯಾರೂ ಇರ್ಲಿಲ್ಲ. ಕಾಲು ಒಂದ್ಹೆಜ್ಜೆ ಇಟ್ಟೇಬಿಡ್ತು. ತಿರುಗಿ ಬಂದೆ.”

ಅವಳು ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು. “ಕೂತ್ಕೊಳ್ಳಿ. ಮೊದಲಿಂದ ಹೇಳಿ.”

ಎಲ್ಲವನ್ನೂ ಕೇಳಿಸಿಕೊಂಡ ಮೇಲೆ ತಡೆಯಲಾರದೆ ಕೇಳಿದಳು, “ಮೇಡಂಗೆ ಫೋನ್ ಮಾಡಿದ್ರಾ?”

“ಇನ್ನೂ ಇಲ್ಲ. ಸೀದಾ ನಿನ್ನ ಹತ್ರಾನೇ ಬಂದೆ.”

“ಸರಿ, ಈಗ ಮಾಡಿ. ಅವರಿಗೂ ಗೊತ್ತಿರ್ಲಿ,” ಎಂದು ಧಾರಾಳವಾಗಿ ಅಪ್ಪಣೆ ಕೊಟ್ಟಳು.

ಮೊದಲು ತನಗೇ ಹೇಳಿದ ಎಂಬುದನ್ನು ಮರುದಿನ ಅತ್ತೆಗೆ ಮೂರು ಸಲ ಹೇಳಿದಳು.