ಅಮ್ಮ ಹೇಳದ ಹೆಸರು

ಅಪ್ಪನ ಮುಖ ನನಗೆ ನೆನಪಿಲ್ಲ. ಬೊಂಬಾಯಿಯ ಹಡಗೊಂದರಲ್ಲಿ ಅಡುಗೆಯವರಾಗಿದ್ದರು. ಐವತ್ತರ ದಶಕದ ಕೊನೆಯಲ್ಲಿ ಜ್ವರ ಬಂದು ಅಲ್ಲೇ ತೀರಿಕೊಂಡರು. ಅವರ ಟ್ರಂಕು ಮಾತ್ರ ಮಂಗಳೂರು ಬಂದರಿನ ಏಜೆಂಟರ ಕಚೇರಿಗೆ ಬಂತು. ಅದರಲ್ಲಿ ಸ್ಟುಡಿಯೋದಲ್ಲಿ ತೆಗೆಸಿದ ಅಪ್ಪನ ಫೋಟೊ ಇತ್ತು. ಅವರ ಫೋಟೊ ಎಂದು ಇದ್ದದ್ದು ಅದೊಂದೇ. ಅಮ್ಮನಿಗೆ ಬೇಕಾಗಿದ್ದದ್ದೂ ಅದೇ.

ಗೇರುಬೀಜದ ಕಾರ್ಖಾನೆಗೆ ರಜೆ ಹಾಕಿ ಅಮ್ಮ ನನ್ನನ್ನೂ ಕರೆದುಕೊಂಡು ಹೋದರು.

"ಗಂಡನ ಹೆಸರು ಎಂತಮ್ಮ?" ಗುಮಾಸ್ತರು ಕೇಳಿದರು.

ಅಮ್ಮ ನೆಲ ನೋಡಿದರು. ಹೆಂಡತಿ ಗಂಡನ ಹೆಸರು ಹೇಳಿದರೆ ಅವನ ಆಯುಸ್ಸು ಕಡಿಮೆಯಾಗುತ್ತದೆಂದು ನಂಬಿದ್ದವರು. ಸತ್ತವರ ಆಯುಸ್ಸಿಗೆ ಇನ್ನೆಂಥ ಕಾವಲು ಎಂದು ನನಗೆ ಇಂದಿಗೂ ಸಿಟ್ಟು ಬರುತ್ತದೆ.

"ತಿರುಪತಿಯಲ್ಲಿ ಇರುವ ದೇವರದ್ದು" ಎಂದರು ಅಮ್ಮ.

ಬೆಂಚಿನಲ್ಲಿ ಕೂತಿದ್ದ ಹೆಂಗಸೊಬ್ಬಳು ನಕ್ಕು, ಒಂದೆರಡು ಹೆಸರು ಹೇಳಿ ನೋಡಿ, ಕೊನೆಗೆ ಸರಿಯಾದದ್ದನ್ನೇ ಹೇಳಿದಳು. ಅಮ್ಮ ತಲೆಯಾಡಿಸಿದರು. ಸಾಹೇಬರಿಲ್ಲ, ನಾಳೆ ಬನ್ನಿ ಎಂದರು ಗುಮಾಸ್ತರು.

ಆ ಹೆಂಗಸು ಬಸ್ಸಿನವರೆಗೂ ಜೊತೆಗೆ ಬಂದಳು. ಯಾವ ಹಡಗು, ಎಂತ ಕಾಯಿಲೆ, ಮನೆ ಎಲ್ಲಿ ಎಂದು ವಿಚಾರಿಸಿದಳು. ಅಷ್ಟು ಅಕ್ಕರೆಯಿಂದ ಅಮ್ಮನನ್ನು ಯಾರೂ ಕೇಳಿರಲಿಲ್ಲ. ಅಮ್ಮ ಅಳುತ್ತಾ ಎಲ್ಲ ಹೇಳಿದರು, ದೇರೆಬೈಲಿನ ಮನೆಯ ಗುರುತು ಸಹ.

"ನಾಳೆ ಬರ್ತೀರಾ ಅಕ್ಕ?"

"ಇಲ್ಲ, ರಜೆ ಸಿಗುವುದಿಲ್ಲ. ನಾಡಿದ್ದು."

ಮೂರನೆಯ ದಿನ ನಾವು ಹೋದಾಗ ಮೇಜಿನ ಹಿಂದೆ ಬೇರೆ ಗುಮಾಸ್ತರಿದ್ದರು. ಟ್ರಂಕನ್ನು ಹಿಂದಿನ ದಿನವೇ ಹೆಂಡತಿ ಬಂದು ಕೊಂಡುಹೋದರು ಎಂದರು.

"ಹೆಂಡತಿ ನಾನು" ಎಂದರು ಅಮ್ಮ.

"ಅವರು ಹಡಗಿನ ಹೆಸರು, ಕಾಯಿಲೆ, ಮನೆ ಎಲ್ಲ ಸರಿಯಾಗಿ ಹೇಳಿದ್ದಾರೆ. ಗಂಡನ ಹೆಸರನ್ನೂ ಪಟ್ಟನೆ ಹೇಳಿದರು. ನೀವು ಹೇಳಿ ನೋಡುವ."

ಅಮ್ಮ ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ತಲೆಯೆತ್ತಿ ಅಪ್ಪನ ಹೆಸರು ಹೇಳಿದರು.

"ಅದನ್ನೇ ಅವರೂ ಹೇಳಿದ್ದು" ಎಂದು ಗುಮಾಸ್ತರು ಮುಂದಿನವರನ್ನು ಕರೆದರು.

ಆಮೇಲೆ ಅಮ್ಮ ಯಾರೊಡನೆಯೂ ಮನೆಯ ವಿಷಯ ಬಾಯಿಬಿಡಲಿಲ್ಲ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಟ್ರಂಕಿನ ಬಟ್ಟೆಗಳನ್ನು ಆ ಹೆಂಗಸು ಮಾರಿರಬಹುದು. ಫೋಟೊ ಅವಳಿಗೆ ಎಂತಕ್ಕೆ? ಎಲ್ಲೋ ಎಸೆದಿರಬೇಕು.

ಅಮ್ಮನ ಬಾಯಲ್ಲಿ ಅಪ್ಪನ ಹೆಸರನ್ನು ನಾನು ಕೇಳಿದ್ದು ಅದೊಂದೇ ಸಲ. ಅಪ್ಪನದೆಂದು ನನ್ನ ಬಳಿ ಉಳಿದಿರುವುದೂ ಅಷ್ಟೇ.